ಗಿಣಿ ಪದ, ಕೆರೆ ಪದ

ವನಜಮ್ಮನವರ ಮೈ ಉರಿಯಬೇಕಾದರೆ ಹೆಚ್ಚೇನೂ ಬೇಕಿರಲಿಲ್ಲ. ತುಮಕೂರಿನ ಚಿಕ್ಕಪೇಟೆಯಲ್ಲಿ ಹುರುಳಿಕಾಯಿ ಆರಿಸುತ್ತಾ ನಿಂತಾಗ ಹಿಂದಿನಿಂದ ಯಾರಾದರೂ "ಅಗೋ, ಗಿಣಿ ವನಜಮ್ಮ" ಅಂದರೆ ಸಾಕು, ಆರಿಸಿದ್ದನ್ನೆಲ್ಲ ಮತ್ತೆ ಬುಟ್ಟಿಗೆ ಸುರಿದು ಸರಸರನೆ ಮನೆಗೆ ಬಂದುಬಿಡುತ್ತಿದ್ದರು. ಆ ದಿನ ಮನೆಯಲ್ಲಿ ಪಲ್ಯವಿಲ್ಲ, ಬರೀ ಬೇಳೆ ಸಾರು. ಯಾಕೆ ಏನು ಅಂತ ಸೊಸೆ ಸರ್ವಮಂಗಳ ಕೇಳುತ್ತಲೂ ಇರಲಿಲ್ಲ. ಅತ್ತೆಯ ಕೈಯಲ್ಲಿ ಖಾಲಿ ಚೀಲ ಕಂಡರೆ ಪೇಟೆಯಲ್ಲಿ ಏನಾಗಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಸುಮ್ಮನೆ ಬೇಳೆ ತೊಳೆಯಲು ಕೂರುತ್ತಿದ್ದಳು.

ಗಿಣಿಯ ಕಥೆ ಇಷ್ಟೆ. ಗುಬ್ಬಿಯಲ್ಲಿ ಹಿಂದೆ ಗಿರಿಜಾ ನಾಟಕ ಮಂಡಳಿ ಅಂತ ಒಂದು ಕಂಪನಿ ಇತ್ತು. ಅದರ 'ರತ್ನಪಂಜರ' ನಾಟಕದಲ್ಲಿ ವನಜಮ್ಮ ರಾಜಕುಮಾರಿ. ಕೊನೆಯ ಅಂಕದಲ್ಲಿ ವಿಷ ಕುಡಿದು, ಪಂಜರದ ಗಿಣಿಗೆ ಒಂದು ಪದ ಹಾಡಿ ಸಾಯಬೇಕು. ಸತ್ತ ಕೂಡಲೇ ಜನ ಒನ್ಸ್ ಮೋರ್ ಅಂತ ಕೂಗುವರು. ಕಂಪನಿ ನಾಟಕದಲ್ಲಿ ಜನ ಕೂಗಿದರೆ ಮುಗಿಯಿತು, ಹೆಣವೂ ಏಳಬೇಕು. ಸುತ್ತ ಕೂತು ಅಳುತ್ತಿದ್ದ ಪಾತ್ರಗಳೆಲ್ಲ ಅಳು ನಿಲ್ಲಿಸಿ ಹಿಂದೆ ಸರಿದು ಜಾಗ ಬಿಡುವರು. ರಾಜಕುಮಾರಿ ಎದ್ದು, ಸೀರೆ ಕೊಡವಿಕೊಂಡು, ಅದೇ ಪದವನ್ನು ಇನ್ನೊಮ್ಮೆ ಹಾಡಿ ಮತ್ತೆ ಸಾಯುವಳು. ಹೀಗೆ ಇಪ್ಪತ್ತು ವರ್ಷ ಸತ್ತು ಸತ್ತು ಎದ್ದ ಹೆಂಗಸು ವನಜಮ್ಮ. ಹಾಡಲು ಬೇರೆ ನೂರು ಪದ ಗೊತ್ತಿತ್ತು. ಯಾರೂ ಕೇಳಲಿಲ್ಲ. ಅವರ ತಾಯಿ ತೀರಿಕೊಂಡಾಗ ದುಃಖ ಹಂಚಿಕೊಳ್ಳಲು ಬಂದ ದೊಡ್ಡ ಮನುಷ್ಯರೊಬ್ಬರು ಹೊರಡುವಾಗ ಬಾಗಿಲಲ್ಲಿ ನಿಂತು, ತಪ್ಪು ತಿಳಿಯಬೇಡಿ, ಗಿಣಿಯದು ಎರಡು ಸಾಲು ಆದೀತೇ ಅಂದಿದ್ದರಂತೆ.

ಕಂಪನಿ ಮುಚ್ಚಿ ಏಳೆಂಟು ವರ್ಷವಾಗಿತ್ತು. ಕಂಪನಿಯ ಹಾರ್ಮೋನಿಯಂ ಮೇಷ್ಟ್ರಾಗಿದ್ದ ಗಂಡ ಗುರುಸಿದ್ದಯ್ಯ ಈಗ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಸಂಗೀತದ ಸರಳೆ ಹೇಳಿಕೊಡುತ್ತಿದ್ದರು. ಮಗ ಗಂಗಣ್ಣ ಬಿ.ಎಚ್. ರಸ್ತೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮ್ಯಾಂಡೊಲಿನ್ ಬಾರಿಸುತ್ತಿದ್ದ. ಎಂಬತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಅವನ ತಲೆಗೆ ಆರ್ಕೆಸ್ಟ್ರಾ ಕಟ್ಟುವ ಹುಳ ಹೊಕ್ಕಿತು. ಹಳೇ ಕಂಪನಿಯ ತಬಲದ ದ್ಯಾವಪ್ಪ ಹಿಂದಿನ ಗಲ್ಲಿಯಲ್ಲೇ ಇದ್ದ, ಕರೆದರೆ ಉಂಡ ಕೈ ತೊಳೆಯದೆ ಬರುವಂಥವನು. ಜಗಳ ಶುರುವಾಗಿದ್ದು ಹೆಸರಿಗೆ, ಒಂದು ಭಾನುವಾರ ಮುದ್ದೆಯ ಮುಂದೆ.

"ಹ್ಯಾಂಡ್‌ಬಿಲ್‌ನಲ್ಲಿ 'ಗಿಣಿ ಖ್ಯಾತಿಯ' ಅಂತ ಹಾಕ್ಸಣ ಅಮ್ಮ. ಖ್ಯಾತಿಯ ಅಂತ ಇಲ್ದಿದ್ರೆ ನಮ್ಮನ್ನ ಯಾರು ಕೇಳ್ತಾರೆ?"

"ಕೇಳದೆ ಹೋದ್ರೆ ಮನೇಲಿರಣ. ಗುಬ್ಬಿ ಅನ್ಬಾರ್ದು, ಕಂಪನಿ ಅನ್ಬಾರ್ದು, ಗಿಣಿ ಅಂತೂ ಅನ್ನಲೇಬಾರ್ದು. ಆ ಪದ ಹಾಡಿಸೋದಾದ್ರೆ ನನ್ನ ಹೆಣದ ಮುಂದೆ ಹಾಡ್ಸಪ್ಪ."

"ಹೆಣದ ಮುಂದೆ ಯಾಕೆ, ಹೆಣವೇ ಎದ್ದು ಹಾಡುತ್ತೆ" ಎಂದು ಗುರುಸಿದ್ದಯ್ಯ ಸಾರಿಗೆ ಬೆರಳದ್ದಿದರು.

ಅಡುಗೆಮನೆಯಲ್ಲಿ ಸರ್ವಮಂಗಳಳಿಗೆ ನಗು ತಡೆಯಲಿಲ್ಲ. ವನಜಮ್ಮ ನಗಲಿಲ್ಲ. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಸಂಜೆಯ ಹೊತ್ತಿಗೆ ಗಂಗಣ್ಣ ಸೋತಿದ್ದ. ಆರ್ಕೆಸ್ಟ್ರಾಕ್ಕೆ ಸಂಜೆಮಲ್ಲಿಗೆ ವಾದ್ಯವೃಂದ ಅಂತ ಹೆಸರಾಯಿತು. ಹೆಸರು ಕೊಟ್ಟವಳು ಸರ್ವಮಂಗಳ. ಆ ಮನೆಗೆ ಬಂದು ಮೂರು ವರ್ಷದಲ್ಲಿ ಅವಳ ಒಂದು ಮಾತು ನಡೆದದ್ದು ಅದೇ ಮೊದಲು.

ಹೆಸರು ಹೊಸದಾದರೆ ಆಯಿತೇ, ಪದವೂ ಹೊಸದು ಬೇಡವೇ. ಗಂಗಣ್ಣ ಸಿನಿಮಾ ಹಾಡು ಸಾಕು ಅನ್ನುತ್ತಿದ್ದ. ಅಷ್ಟರಲ್ಲಿ ಒಂದು ಮಧ್ಯಾಹ್ನ ಸರ್ವಮಂಗಳ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದಳು. ಅವಳ ತವರು ಕಡಬ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಊರ ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ಓಡಿದ್ದನ್ನು ಅವಳೇ ಪದ ಕಟ್ಟಿಕೊಂಡಿದ್ದಳು. 'ಕೋಡಿ ಬಿದ್ದೈತೆ ಕಡಬದ ಕೆರೆಗೆ, ಕೊಡ ತಾರೇ ತಂಗಿ ಹೊತ್ತಾಯ್ತು' ಅಂತ ಶುರು. ಜಗಲಿಯಲ್ಲಿದ್ದ ಮಾವ ಪಾಠ ನಿಲ್ಲಿಸಿ ಹಾರ್ಮೋನಿಯಂ ಹೊತ್ತುಕೊಂಡು ಹಿತ್ತಲಿಗೇ ಬಂದರು. ಪಾತ್ರೆ ಉಜ್ಜಿದ ಬೂದಿ ಹಾಗೇ ಇರಲಿ, ಇನ್ನೊಂದು ಸಲ ಹೇಳು ಅಂದರು.

ಅತ್ತೆ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದರು. ಸರ್ವಮಂಗಳ ಬೈಗುಳಕ್ಕೆ ಕಾದಳು. ಪಾತ್ರೆ ಹಾಗೇ ಬಿದ್ದಿದ್ದವಲ್ಲ.

"ಇದು ಯಾರ ಕಂಪನೀದೂ ಅಲ್ಲ. ಇದು ನಮ್ದು" ಎಂದರು ವನಜಮ್ಮ. "ಇದನ್ನ ನೀನೇ ಹಾಡ್ಬೇಕು ಮಂಗಳಾ. ನಾನು ಹಿಂದೆ ತಂಬೂರಿ ಹಿಡ್ಕೊಂಡು ಕೂತ್ಕೊತೀನಿ."

ಅಂದಿನಿಂದ ಮನೆಯ ಚಹರೆಯೇ ಬದಲಾಯಿತು. ಮುಸುರೆಗೆ ವನಜಮ್ಮನೇ ಕೂರತೊಡಗಿದರು, ಸೊಸೆ ಜಗಲಿಯಲ್ಲಿ ಹಾಡಬೇಕಾಗಿತ್ತು. ಹುಳಿ ಮೊಸರು ತಿನ್ನಬೇಡ ಅಂದರು. ಬೆಳಗ್ಗೆ ಬಿಸಿನೀರಿಗೆ ಮೆಣಸು ಹಾಕಿ ಕೊಟ್ಟರು. ಮೈಕಿನ ಮುಂದೆ ಕತ್ತು ಎಲ್ಲಿಡಬೇಕು, ಸಾಲಿನ ಯಾವ ಸಂದಿಯಲ್ಲಿ ಉಸಿರು ಕದಿಯಬೇಕು, ಎಲ್ಲ ಹೇಳಿಕೊಟ್ಟರು. ಹೆಂಡತಿಗೆ ಹಾರ್ಮೋನಿಯಂನ ಬಿಳಿ ನಾಲ್ಕನೆಯ ಮನೆ ಸಾಕು ಅಂತ ಗಂಗಣ್ಣ ಶ್ರುತಿ ಗೊತ್ತು ಮಾಡಿದ. ಗಿಣಿ ಪದ ಇದ್ದದ್ದು ಕಪ್ಪು ನಾಲ್ಕರಲ್ಲಿ, ಮೇಲೆ. ಹಾರ್ಮೋನಿಯಂನ ಆ ಕಡೆಗೆ ಗುರುಸಿದ್ದಯ್ಯನವರ ಬೆರಳು ಹೋದರೂ ವನಜಮ್ಮ ಕಣ್ಣು ಬಿಡುತ್ತಿದ್ದರು. ಸರ್ವಮಂಗಳ ತನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ಇದ್ದದ್ದು ಆ ಎರಡು ತಿಂಗಳೇ. ಅತ್ತೆಯನ್ನು ತಾಯಿಗಿಂತ ಹೆಚ್ಚು ಅಂತ ತಿಳಿದಳು, ಪಾಪ.

ಮೊದಲ ಕಾರ್ಯಕ್ರಮ ಬೆಳ್ಳಾವಿಯ ಒಂದು ಮದುವೆಯಲ್ಲಿ. ಜನ ವನಜಮ್ಮನವರ ಗುರುತು ಹಿಡಿದುಬಿಟ್ಟರು. ಗಿಣಿ ಗಿಣಿ ಅಂತ ಚಪ್ಪರದಲ್ಲೆಲ್ಲ ಗದ್ದಲ. ವನಜಮ್ಮ ತಂಬೂರಿ ಬಿಟ್ಟು ಏಳಲೇ ಇಲ್ಲ. ಹುಡುಗಿಯ ತಂದೆ ಬಂದು ಕೈಮುಗಿದರು, ಆಮೇಲೆ ಅವರ ಅಣ್ಣ ಬಂದು ದಬಾಯಿಸಿದರು. ಸರ್ವಮಂಗಳ ಕೆರೆ ಪದ ಹಾಡುವ ಹೊತ್ತಿಗೆ ಜನ ಎದ್ದು ಊಟಕ್ಕೆ ಹೊರಟಿದ್ದರು. ವಾದ್ಯವೃಂದದವರನ್ನು ಕಡೇ ಪಂಕ್ತಿಗೆ ಕೂರಿಸಿ, ಪಾಯಸ ಮುಗಿದಿದೆ ಅಂದರು.

ಮಾರನೆಯ ದಿನ ಗಂಗಣ್ಣ ತಿಂಡಿಯ ತಟ್ಟೆ ತಳ್ಳಿದ. ಮೈಕ್ ಸೆಟ್ಟಿನ ಬಾಡಿಗೆಯೂ ಹುಟ್ಟಿಲ್ಲ, ಒಂದು ಪದ ಹಾಡಿದ್ದರೆ ಗಂಟಲು ಸವೆಯುತ್ತಿತ್ತೇ ಅಂತ ಕೂಗಾಡಿದ. ವನಜಮ್ಮ ಉಪ್ಪಿಟ್ಟು ಕಲಸುತ್ತಾ, ಪಾಯಸಕ್ಕೆ ಪದ ಮಾರುವಷ್ಟು ಬಡತನ ಬಂದಿಲ್ಲ ಅಂದರು. ಸರ್ವಮಂಗಳ ಗಂಡನ ಕಡೆ ನೋಡಲಿಲ್ಲ, ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಗಂಗಣ್ಣ ಅದನ್ನು ನೋಡಿಕೊಂಡು ಅಂಗಡಿಗೆ ಹೋದ.

ಆದರೂ ಕೆರೆ ಪದ ತಾನಾಗಿಯೇ ಅಲ್ಲಿ ಇಲ್ಲಿ ಕಾಲೂರಿತು. ನಿಟ್ಟೂರಿನಲ್ಲಿ ಸ್ಕೂಲಿನ ಹುಡುಗಿಯರು ಅದನ್ನು ಕಲಿತುಕೊಂಡರು ಅಂತ ಸುದ್ದಿ ಬಂತು. ಆಗಷ್ಟೇ ಕ್ಯಾಸೆಟ್ಟುಗಳು ಮನೆಮನೆಗೆ ಬರುತ್ತಿದ್ದ ಕಾಲ. ತುಮಕೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಚಿಕ್ಕರಂಗಯ್ಯ ಒಂದು ಸಂಜೆ ಮನೆಗೇ ಬಂದು ಕಾಫಿ ಕುಡಿದು, ಕೆರೆ ಪದ ಕೇಳಿ, ಚೆನ್ನಾಗಿದೆ ತಾಯಿ ಅಂದ. ಗುಬ್ಬಿಯ ವರ್ತಕರ ಸಂಘದ ವಾರ್ಷಿಕೋತ್ಸವದಲ್ಲಿ ನಿಮ್ಮನ್ನು ಹಾಡಿಸುತ್ತಾರೆ, ನಾನೂ ಬರುತ್ತೇನೆ, ಗುಬ್ಬಿಯ ಜನ ಕೈ ತಟ್ಟಿದರೆ ಆ ಪದವನ್ನೇ ಮುಂದಿಟ್ಟು ಕ್ಯಾಸೆಟ್ ಮಾಡುತ್ತೇನೆ ಎಂದ. ಸಂಗೀತದಲ್ಲಿ ಗುಬ್ಬಿಯವರ ಕಿವಿ ಸುಳ್ಳು ಹೇಳುವುದಿಲ್ಲ ಅಂತ ಅವನ ನಂಬಿಕೆ. ಕ್ಯಾಸೆಟ್ಟಿನ ಮೇಲೆ ತನ್ನ ಹೆಸರು ಬರುತ್ತದೆಯೇ ಅಂತ ಸರ್ವಮಂಗಳ ಗಂಡನನ್ನು ಕೇಳಿದಳು. ಇನ್ನಾರದು ಬರುತ್ತೆ ಅಂದ ಗಂಗಣ್ಣ. ಅವಳು ಅತ್ತೆಯ ಹಸಿರು ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಿದಳು. ಉಟ್ಟುಕೋ ಅಂತ ಅತ್ತೆಯೇ ಕೊಟ್ಟಿದ್ದರು.

ಗುಬ್ಬಿಯಲ್ಲಿ ಸಂಜೆ ಬಯಲು ತುಂಬಿತ್ತು. ಸರ್ವಮಂಗಳ ಕೆರೆ ಪದ ಎತ್ತಿಕೊಂಡಳು. ಮೊದಲೆರಡು ಸಾಲು ಜನರನ್ನು ನೋಡಿಕೊಂಡೇ ಹಾಡಿದಳು. ಆಮೇಲೆ ಅವಳಿಗೆ ಜನ ಕಾಣಲಿಲ್ಲ, ಕಡಬದ ನೀರೇ ಕಂಡಿತು. ಹೆಂಗಸರ ಕಡೆ ತಾಳ ಹಾಕುವ ಸದ್ದು ಎದ್ದಿತು. ಪದ ಮುಗಿಯಿತು. ಆಮೇಲೆ ಗಂಡಸರ ಕಡೆಯಿಂದ ಯಾರೋ ಒನ್ಸ್ ಮೋರ್ ಅಂತ ಕೂಗಿದರು. ಇನ್ನೊಬ್ಬರು ಕೂಗಿದರು. ಆಮೇಲೆ ಬಯಲಿಗೆ ಬಯಲೇ ಕೂಗಿತು.

ಆ ಕೂಗು ತನಗೆ ಅಂತ ಅವಳಿಗೆ ಅರ್ಥವಾಗುವುದಕ್ಕೇ ಹೊತ್ತು ಹಿಡಿಯಿತು. ಅರ್ಥವಾದಾಗ ಕಣ್ಣು ತುಂಬಿತು, ಸೆರಗಿನಿಂದ ಒರೆಸಿಕೊಂಡಳು. ಅಷ್ಟರೊಳಗೆ ಹಿಂದೆ ವನಜಮ್ಮ ತಂಬೂರಿಯನ್ನು ಮಗ್ಗುಲಿಗೆ ಮಲಗಿಸಿ ಎದ್ದಿದ್ದರು. ಸೀರೆ ಕೊಡವಿಕೊಂಡು ಮೈಕಿನ ಹತ್ತಿರ ಬಂದರು. ಅತ್ತೆ ನಾಲ್ಕು ಮಾತಾಡುತ್ತಾರೆ, ಇವಳು ನಮ್ಮ ಸೊಸೆ ಅನ್ನುತ್ತಾರೆ ಅಂದುಕೊಂಡು ಸರ್ವಮಂಗಳ ತಾನಾಗಿಯೇ ಹಿಂದೆ ಸರಿದು ಜಾಗ ಬಿಟ್ಟಳು. ಗುರುಸಿದ್ದಯ್ಯನವರ ಬೆರಳು ಬಿಳಿ ನಾಲ್ಕನ್ನು ಬಿಟ್ಟು ಕಪ್ಪು ನಾಲ್ಕಕ್ಕೆ ಏರಿತು. ದ್ಯಾವಪ್ಪ ಸುತ್ತಿಗೆಯಿಂದ ತಬಲಕ್ಕೆ ಎರಡೇಟು ಕೊಟ್ಟು ಶ್ರುತಿ ಏರಿಸಿಕೊಂಡ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವನಜಮ್ಮ ಗಿಣಿ ಪದ ಎತ್ತಿದರು.

ಗುಬ್ಬಿಯ ಜನಕ್ಕೆ ಹುಚ್ಚು ಹಿಡಿಯುವುದೊಂದು ಬಾಕಿ. ಮುದುಕರು ಅತ್ತರು. ಟವೆಲ್ಲುಗಳು ಮೇಲೆ ಹಾರಿದವು. ಮತ್ತೆ ಮತ್ತೆ ಹಾಡಿಸಿದರು, ವನಜಮ್ಮ ಹಾಡಿದರು. ಸರ್ವಮಂಗಳ ಮೈಕಿನ ತಂತಿಯ ಪಕ್ಕದಲ್ಲಿ, ಅತ್ತೆಯ ಹಸಿರು ಸೀರೆ ಉಟ್ಟುಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಇಳಿದು ಹೋಗಲು ಮೆಟ್ಟಿಲು ಆಚೆ ಕಡೆ ಇತ್ತು.

ಮಾರನೆಯ ದಿನ ಬೆಳಗ್ಗೆ ಸರ್ವಮಂಗಳ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಬಂದು ಒಲೆಯ ಪಕ್ಕ ಕೂತರು. ಗಂಟಲು ಒಡೆದು ಹೋಗಿತ್ತು.

"ನಾನು ಏಳ್ಲಿಲ್ಲ ಕಣೇ ಮಂಗಳಾ. ಆ ಕೂಗು ಕೇಳಿ ಕಾಲು ತಾನೇ ಎದ್ಬುಡ್ತು."

"ಕಾಲು ಎದ್ದಿದ್ದು ಸರಿ ಅತ್ತೆ. ಬಾಯಿ?"

ವನಜಮ್ಮ ಒಲೆಯ ಸೌದೆ ಮುಂದಕ್ಕೆ ತಳ್ಳಿದರು. ಅವರು ಹೇಳಿದ್ದು ಸುಳ್ಳಲ್ಲ ಅಂತ ಸರ್ವಮಂಗಳಳಿಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ, ಪಾಪ, ಮುದುಕಿ ಏನು ಮಾಡೀತು ಅಂತ ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ. ಹಾಡುವಾಗ ಆ ಮುಖದಲ್ಲಿದ್ದ ಸಂತೋಷವನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ರೊಟ್ಟಿ ಸೀದುಹೋಯಿತು. ಸೀದ ರೊಟ್ಟಿಯನ್ನೇ ಅತ್ತೆಯ ತಟ್ಟೆಗೆ ಹಾಕಿದಳು, ವನಜಮ್ಮ ಅದನ್ನೇ ಮುರಿದು ತಿಂದರು.

ಆಮೇಲಿನದೆಲ್ಲ ಸಲೀಸಾಗಿ ನಡೆಯಿತು, ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ. ಕಾರ್ಯಕ್ರಮಗಳು ಹುಡುಕಿಕೊಂಡು ಬಂದವು, ಬಂದವರೆಲ್ಲರ ಬಾಯಲ್ಲೂ ಗಿಣಿ. ಗಂಗಣ್ಣ ಅಂಗಡಿ ಕೆಲಸ ಬಿಟ್ಟ. ಮನೆಗೆ ಗ್ಯಾಸ್ ಒಲೆ ಬಂತು. ಚಿಕ್ಕರಂಗಯ್ಯ ಮತ್ತೆ ಬಂದು, ಗಿಣಿ ಕ್ಯಾಸೆಟ್ಟಾದರೆ ಮಾಡೋಣ ಅಂದ. ಆದರೆ ಅವನು ಬಂದುಹೋದ ಮೇಲೆ ಎರಡು ಕಾರ್ಯಕ್ರಮ ಮುಗಿಯುವುದರೊಳಗೆ ವನಜಮ್ಮನವರ ಧ್ವನಿ ಪೂರ್ತಿ ಬಿದ್ದುಹೋಯಿತು. ಗಂಟಲಲ್ಲಿ ಗಂಟಿದೆ, ಮಾತಾಡುವುದೂ ಕಮ್ಮಿ ಮಾಡಿ, ಹಾಡಂತೂ ಇನ್ನು ಮರೆತುಬಿಡಿ ಅಂದರು ಡಾಕ್ಟರು. ವನಜಮ್ಮ ಹೊರಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ಜೊತೆಗೆ ಹೋಗಿದ್ದ ಸರ್ವಮಂಗಳ ಬೆನ್ನು ಸವರಬೇಕು ಅಂದುಕೊಂಡಳು, ಕೈ ಬರಲಿಲ್ಲ.

ಅದಾಗಿ ಎರಡು ದಿನಕ್ಕೆ ಊಟದ ಹೊತ್ತಿನಲ್ಲಿ ಗಂಗಣ್ಣ ಮಾತು ತೆಗೆದ. ಕುಣಿಗಲ್ಲಿನಲ್ಲಿ ಒಪ್ಪಿಕೊಂಡ ಕಾರ್ಯಕ್ರಮ ಇದೆ. ಗಿಣಿ ಪದ ಇನ್ನು ಮಂಗಳ ಹಾಡಬೇಕು.

"ನಾನು ಹಾಡಲ್ಲ" ಎಂದಳು ಸರ್ವಮಂಗಳ.

"ಯಾಕೆ ಹಾಡಲ್ಲ? ಊಟ ಎಲ್ಲಿಂದ ಬರ್ತಾ ಇದೆ ಅಂತ ಗೊತ್ತಿದೆಯಾ?"

"ಗೊತ್ತಿದೆ. ಅದು ನನ್ನ ಪದದಿಂದಲೇ ಬರಬಹುದಿತ್ತು. ನಿಮ್ಮಮ್ಮ ಎದ್ದು ಬಂದು ಕೆಡಿಸಿದ್ರು."

ಗಂಗಣ್ಣ ಕೈ ಎತ್ತಿದ. ಹೊಡೆಯಲಿಲ್ಲ, ಎತ್ತಿದ. ಗುರುಸಿದ್ದಯ್ಯ ಮಜ್ಜಿಗೆ ಕೇಳಿದರು. ಆ ಮನುಷ್ಯ ಬದುಕೆಲ್ಲ ಹಾಡುವವರ ಹಿಂದೆ ಶ್ರುತಿ ಹಿಡಿದು ಬದುಕಿದ್ದು, ಮನೆಯಲ್ಲಿ ಯಾರ ಸ್ವರ ಗಟ್ಟಿಯೋ ಅವರ ಹಿಂದೆ ಹೋಗುವುದೇ ಅಭ್ಯಾಸ. ವನಜಮ್ಮ ಒಡಕು ಗಂಟಲಿನಲ್ಲಿ, ಬಲವಂತ ಮಾಡಬೇಡ ಕಣೋ ಅಂದರು. ಅಂದಿದ್ದು ಸೊಸೆಯ ಮೇಲಿನ ಮರುಕಕ್ಕೋ, ಪದ ಕೈಬಿಟ್ಟು ಹೋಗುತ್ತದೆ ಅಂತಲೋ, ಸರ್ವಮಂಗಳಳಿಗೆ ಆಗ ತಿಳಿಯಲಿಲ್ಲ.

ಅವಳು ಸಂಜೆ ಬಸ್ಸಿಗೆ ಕಡಬಕ್ಕೆ ಹೋದಳು. ತಾಯಿ ಪುಟ್ಟತಾಯಮ್ಮ ಹೊಟ್ಟೆ ತುಂಬಾ ಇಕ್ಕಿ, ಕತೆ ಪೂರ್ತಿ ಕೇಳಿ, ಇಷ್ಟಕ್ಕೆ ಯಾರಾದರೂ ಗಂಡನ ಮನೆ ಬಿಡುತ್ತಾರೆಯೇ ಅಂದಳು. "ಅತ್ತೆ ಪದ ಸೊಸೆ ಹಾಡುದ್ರೆ ಗಂಟೇನು ಹೋಯ್ತದೆ? ಹಾಡ್ಬುಡು. ಗ್ಯಾಸ್ ಒಲೆ ಬಂದೈತಂತೆ" ಅಂದಳು. ಕೆರೆಯ ಏರಿಯ ಮೇಲೆ ಸಿಕ್ಕ ಹೆಂಗಸರು, ನೀನು ಗಿಣಿ ವನಜಮ್ಮನ ಸೊಸೆಯಂತಲ್ಲವಾ, ಒಂದು ಸಲ ಅವರನ್ನು ಕರೆದುಕೊಂಡು ಬಾ ಅಂದರು. ಅವರ ಕೆರೆಯ ಮೇಲೆ ಪದ ಕಟ್ಟಿದವಳು ಅಲ್ಲೇ ನಿಂತಿದ್ದಳು. ಆ ಪದ ಇವಳದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅವಳೂ ಹೇಳಲಿಲ್ಲ.

ಒಂದು ವಾರಕ್ಕೆ ಗಂಗಣ್ಣನೇ ಬಂದ. ತಣ್ಣಗೆ ಮಾತಾಡಿದ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಗಿಣಿ, ಇನ್ನೊಂದು ಮಗ್ಗುಲಿಗೆ ಕೆರೆ ಪದ, ಚಿಕ್ಕರಂಗಯ್ಯನ ಹತ್ತಿರ ಮಾತಾಡಿದ್ದೇನೆ, ಕುಣಿಗಲ್ಲಿನಲ್ಲಿ ಮೊದಲು ನಿನ್ನ ಪದ, ಆಮೇಲೆ ಅದು ಅಂದ. ಕೆರೆ ಪದ ಉಳಿಯುತ್ತದೆ ಅನ್ನುವ ಆಸೆಗೆ ಅವಳು ಒಪ್ಪಿದಳು. ಬೇರೆ ಯಾವುದಕ್ಕೂ ಅಲ್ಲ. ಮನೆಗೆ ಬಂದಾಗ ಜಗಲಿಯ ಮೇಲೆ ಹ್ಯಾಂಡ್‌ಬಿಲ್ಲುಗಳ ಕಟ್ಟು ಬಿದ್ದಿತ್ತು. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಗುಬ್ಬಿ ಗಿರಿಜಾ ಕಂಪನಿಯ ಗಿಣಿ ಖ್ಯಾತಿಯ ವನಜಮ್ಮನವರ ಸೊಸೆ, ಮರಿ ಗಿಣಿ ಸರ್ವಮಂಗಳ ಅಂತ ದಪ್ಪಕ್ಷರದಲ್ಲಿತ್ತು. ಸಂಜೆಮಲ್ಲಿಗೆ ಅನ್ನುವ ಹೆಸರು ಎಲ್ಲೂ ಇರಲಿಲ್ಲ. ಜಾಗ ಸಾಲಲಿಲ್ಲ ಅಂದ ಗಂಗಣ್ಣ.

ಪದ ಹೇಳಿಕೊಡಲು ವನಜಮ್ಮನೇ ಕೂತರು. ಹಾಡಿ ತೋರಿಸಲು ಆಗುತ್ತಿರಲಿಲ್ಲ, ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ಇಲ್ಲಿ ಏರು, ಇಲ್ಲಿ ಇಳಿ ಅನ್ನುತ್ತಿದ್ದರು. ಸರ್ವಮಂಗಳ ಹಟ ಹಿಡಿದವಳ ಹಾಗೆ ಕಲಿತಳು. ಕಪ್ಪು ನಾಲ್ಕು ಅವಳಿಗೆ ಲೀಲಾಜಾಲವಾಗಿ ಹತ್ತಿತು. ಬಿಳಿ ನಾಲ್ಕು ಸಾಕು ಅಂದಿದ್ದು ಸುಮ್ಮನೆ ಮಾತಿಗೆ ಅಂತ ಆಯಿತು. ಅವಳು ಸರಿಯಾಗಿ ಹಾಡಿದಷ್ಟೂ ವನಜಮ್ಮ ಬಿಳಚಿಕೊಳ್ಳುತ್ತಾ ಬಂದರು. ಕೊನೆಯ ದಿನ ಏನೂ ತಿದ್ದದೆ ಎದ್ದುಹೋಗಿ ಅಕ್ಕಿ ಆರಿಸುತ್ತಾ ಕೂತರು.

ಕುಣಿಗಲ್ಲಿನಲ್ಲಿ ಸರ್ವಮಂಗಳ ಮೊದಲು ಕೆರೆ ಪದವನ್ನೇ ಹಾಡಿದಳು. ಜನ ಕಡಲೆಕಾಯಿ ಬಿಡಿಸುತ್ತಾ ಮುಗಿಯಲಿ ಅಂತ ಕಾದರು. ಮುಂದಿನ ಸಾಲಿನಲ್ಲಿ ಚಿಕ್ಕರಂಗಯ್ಯ ಪಕ್ಕದವರ ಜೊತೆ ಮಾತಾಡುತ್ತಿದ್ದ. ಆಮೇಲೆ ಗುರುಸಿದ್ದಯ್ಯ ಕಪ್ಪು ನಾಲ್ಕು ಹಿಡಿದರು, ಬಯಲು ಸೆಟೆದು ಕೂತಿತು. ಅವಳು ಸಿಟ್ಟಿನಲ್ಲಿ ಹಾಡಿದಳು. ಅತ್ತೆಯ ಮೇಲೆ, ಗಂಡನ ಮೇಲೆ, ಕಡಲೆಕಾಯಿ ಬಿಡಿಸಿದ ಕೈಗಳ ಮೇಲೆಲ್ಲ ಇದ್ದ ಸಿಟ್ಟು. ಜನಕ್ಕೆ ಅದು ಸಾಯುವವಳ ಸಂಕಟದ ಹಾಗೇ ಕೇಳಿಸಿತು. ಪದ ಮುಗಿಯುವ ಮೊದಲೇ ಕೂಗು ಎದ್ದಿತು.

ನೀರು ಕುಡಿಯಲು ಪಕ್ಕದ ಪರದೆಯ ಹಿಂದೆ ಬಂದಳು. ಗಂಗಣ್ಣ ಓಡಿ ಬಂದು ಖುಷಿಯಲ್ಲಿ ಒಂದೇ ಉಸಿರಿಗೆ ಹೇಳಿದ. ಚಿಕ್ಕರಂಗಯ್ಯ ಪೂರ್ತಿ ಒಪ್ಪಿಬಿಟ್ಟ, ನಾಳೆಯೇ ಅಡ್ವಾನ್ಸು, ಎರಡೂ ಮಗ್ಗುಲಿಗೆ ಕಂಪನಿಯ ಪದಗಳೇ ಇರಲಿ ಅಂದ, ಕೆರೆಯದು ಸದ್ಯಕ್ಕೆ ಬೇಡವಂತೆ, ಮುಂದೆ ನೋಡೋಣ. ಹೇಳಿ ಮತ್ತೆ ಓಡಿದ. ಅಲ್ಲಿ ಮಡಚುವ ಕುರ್ಚಿಯ ಮೇಲೆ ವನಜಮ್ಮ ಕೂತಿದ್ದರು. ನೀರಿನ ಲೋಟ ಅವರ ಕೈಯಲ್ಲೇ ಇತ್ತು, ಕೊಡಲಿಲ್ಲ.

"ಥೇಟ್ ನಾನೇ ಹಾಡ್ದಂಗಿತ್ತಂತೆ. ನನಗಿಂತ ಚೆನ್ನಾಗಿತ್ತಂತೆ, ದ್ಯಾವಪ್ಪ ಹೇಳ್ದ" ಎಂದರು. ಧ್ವನಿ ಗಾಳಿಯಷ್ಟೇ ಇತ್ತು. "ನನ್ನ ಹತ್ರ ಇದ್ದಿದ್ದು ಅದೊಂದೇ ಕಣೇ. ಬೇಡ ಬೇಡ ಅಂತಿದ್ದೆ, ಆದ್ರೂ ಅದು ನಂದಾಗಿತ್ತು. ಅದನ್ನೂ ತಗೊಂಬುಟ್ಟೆ."

ಸರ್ವಮಂಗಳ ಅವರ ಕೈಯಿಂದ ಲೋಟ ತೆಗೆದುಕೊಂಡು ಕುಡಿದಳು.

"ನನ್ನ ಹತ್ರಾನೂ ಒಂದೇ ಇತ್ತು ಅತ್ತೆ" ಎಂದಳು.

ಹೊರಗೆ ಕೂಗು ಜೋರಾಗುತ್ತಿತ್ತು. ಅವಳು ಲೋಟ ಕೆಳಗಿಟ್ಟು, ಸೀರೆ ಸರಿಮಾಡಿಕೊಂಡು ಮೈಕಿನ ಮುಂದೆ ಹೋಗಿ ನಿಂತಳು. ಮಾವ ಶ್ರುತಿ ಹಿಡಿದರು. ಅವಳು ಗಿಣಿ ಪದವನ್ನು ಇನ್ನೊಂದು ಸಲ ಹಾಡಿದಳು, ಮೊದಲ ಸಲಕ್ಕಿಂತ ಚೆನ್ನಾಗಿ.